ಕಾಲೇಜ್ ಫುಟ್‌ಬಾಲ್ ಕ್ವಾರ್ಟರ್‌ಬ್ಯಾಕ್‌ನ ಬಲ, ದೌರ್ಬಲ್ಯ ಅಳೆಯುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡದ ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಕಾಲೇಜ್ ತಂಡಗಳ ಶನಿವಾರದ ಆಟ ಮುಗಿಯುತ್ತಿದ್ದ ಹಾಗೇ ಅವನ ಬಗ್ಗೆ ತೀರ್ಪು ಬಂದುಬಿಡುತ್ತದೆ. 350 ಯಾರ್ಡ್, ನಾಲ್ಕು ಟಚ್‌ಡೌನ್ ಆಗಿದ್ದರೆ ಹುಡುಗ ಭಾರೀ ಆಟಗಾರ. ಎರಡು ಇಂಟರ್ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈ ಸೇರುವುದು) ಆಗಿದ್ದರೆ ಅವನ ಕೈಲಿ ಏನೂ ಆಗಲ್ಲ. ಆದರೆ ಆ ನಾಲ್ಕರಲ್ಲಿ ಎರಡು ಟಚ್‌ಡೌನ್, ಪಕ್ಕದಲ್ಲೇ ನಿಂತಿದ್ದ ರಿಸೀವರ್ ಕೈಗೆ ಕೊಟ್ಟ ಚೆಂಡು ಆಗಿರಬಹುದು. ಉಳಿದ 60 ಯಾರ್ಡ್ ಓಡಿದ್ದು ರಿಸೀವರ್. ಆ ಇಂಟರ್ಸೆಪ್ಷನ್‌ಗಳಲ್ಲಿ ಒಂದು, ನಮ್ಮ ರಿಸೀವರ್‌ನ ಕೈಗೇ ಬಡಿದು ಮೇಲಕ್ಕೆ ಚಿಮ್ಮಿದ ಚೆಂಡಾಗಿರಬಹುದು.

ಅದಕ್ಕೇ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಟದಲ್ಲಿ ಏನಾಯಿತು ಅನ್ನುವುದನ್ನು ಕೊನೆಗೆ ನೋಡಿ. ಅವನು ಏನನ್ನು ನೋಡಿದ, ಏನು ನಿರ್ಧಾರ ಮಾಡಿದ, ಚೆಂಡನ್ನು ಎಲ್ಲಿಗೆ ಹಾಕಿದ ಅನ್ನುವುದನ್ನು ಮೊದಲು ನೋಡಿ. ಈ ಕ್ರಮ ಉಲ್ಟಾ ಆದರೆ ಉಳಿದ ಎಲ್ಲ ಲೆಕ್ಕವೂ ತಪ್ಪುತ್ತದೆ.

ನಾಲ್ಕು ಡೌನ್, ಹತ್ತು ಯಾರ್ಡ್ ಇಷ್ಟು ಗೊತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಕೊಲಂಬಸ್, ಆಸ್ಟಿನ್, ಆನ್ ಆರ್ಬರ್‌ನಂಥ ಊರುಗಳಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರಿಗೆ ಈ ಆಟ ಬೇಡವೆಂದರೂ ಕಿವಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಕೂತು ನೋಡುವವರೂ ಇದ್ದಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 12ರ ಆಟ ಇಲ್ಲಿ ರಾತ್ರಿ 9:30ಕ್ಕೆ ಶುರುವಾಗುತ್ತದೆ.

ಉದಾಹರಣೆಗೆ ಒಬ್ಬರನ್ನೇ ಜಾಸ್ತಿ ಹಿಡಿದುಕೊಳ್ಳುತ್ತೇನೆ: ಜೋ ಬರ್ರೋ. ಓಹಾಯೋ ಸ್ಟೇಟ್‌ನಿಂದ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಬಂದವರು. 2018ರಲ್ಲಿ ಸಾಧಾರಣ ಅನ್ನಿಸಿಕೊಂಡು, 2019ರಲ್ಲಿ 15 ಆಟಕ್ಕೆ 15 ಗೆದ್ದು, ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಪಡೆದು, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳುವುದು) ಮೊದಲನೆಯವರಾಗಿ ಆಯ್ಕೆಯಾದರು. ಒಂದೇ ವರ್ಷದಲ್ಲಿ ಇಷ್ಟು ಬದಲಾವಣೆ ಆಯಿತಲ್ಲ, ಬದಲಾಗಿದ್ದು ಅವರಾ, ಅವರ ಸುತ್ತಮುತ್ತಲಾ? ಕ್ವಾರ್ಟರ್‌ಬ್ಯಾಕ್ ಅಳೆಯುವ ಕೆಲಸವೆಲ್ಲ ಇದೊಂದು ಪ್ರಶ್ನೆಯಲ್ಲಿದೆ.

1. ಮೂರು ಆಟ ಆರಿಸಿಕೊಳ್ಳಿ

ಹೈಲೈಟ್ಸ್ ನೋಡಿ ಅಳೆಯೋಕೆ ಆಗುವುದಿಲ್ಲ. ಅದರಲ್ಲಿ ತಪ್ಪಿದ ಎಸೆತ ಇರುವುದೇ ಇಲ್ಲ. ಪೂರ್ತಿ ಆಟ ಬೇಕು, ಅದೂ ಮೂರು ಬೇಕು. ಒಂದು ಬಲವಾದ ಡಿಫೆನ್ಸ್ ಎದುರು ಆಡಿದ್ದು. ಒಂದು ಎದುರಾಳಿಯ ಊರಲ್ಲಿ, ಅವರ ಜನರ ಗದ್ದಲದ ನಡುವೆ ಆಡಿದ್ದು. ಒಂದು ಅವನು ತಿಣುಕಾಡಿದ್ದು. ಈ ಮೂರನೆಯದನ್ನು ಮಾತ್ರ ಬಿಡಲೇಬೇಡಿ.

ಬರ್ರೋ ವಿಷಯದಲ್ಲಿ ನಾನು ಹೇಳುವ ಮೂರು ಆಟ ಇವು. 2019ರ ಸೆಪ್ಟೆಂಬರ್ 7ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ವಿರುದ್ಧ 45-38. ನವೆಂಬರ್ 9ರಂದು ಅಲಬಾಮಾ ಊರಿಗೇ ಹೋಗಿ ಗೆದ್ದ 46-41. ಇವೆರಡರ ನಡುವೆ, ಅಕ್ಟೋಬರ್ 26ರ ಆಬರ್ನ್ ಆಟ, 23-20. ಆ ಇಡೀ ವರ್ಷ ಎಲ್‌ಎಸ್‌ಯು ಗಳಿಸಿದ ಅತಿ ಕಡಿಮೆ ಅಂಕ ಇದೇ 23. ಆಬರ್ನ್ ಎಷ್ಟೋ ಸಲ ಮೂರೇ ಜನರನ್ನು ನುಗ್ಗಿಸಿ, ಉಳಿದ ಎಂಟು ಜನರನ್ನು ಹಿಂದಕ್ಕೆ ನಿಲ್ಲಿಸಿ ಜಾಗವನ್ನೇ ಮುಚ್ಚಿಬಿಟ್ಟಿತ್ತು. ಬಿಟ್ಟ ಜಾಗಕ್ಕೆ ಎಸೆಯುವುದು ಬಹಳ ಜನಕ್ಕೆ ಬರುತ್ತದೆ. ಜಾಗವೇ ಇಲ್ಲದಾಗ ಹುಡುಗ ಏನು ಮಾಡುತ್ತಾನೆ? ತಾಳ್ಮೆಯಿಂದ ಆರು ಯಾರ್ಡ್ ತಗೊಳ್ಳುತ್ತಾನಾ, ಇಲ್ಲ ರೇಗಿ ಮೂರು ಜನರ ನಡುವೆ ತುರುಕುತ್ತಾನಾ? ಅದನ್ನು ಇಂಥ ಆಟದಲ್ಲೇ ನೋಡಬೇಕು.

ಟಿವಿಯಲ್ಲಿ ಒಂದು ತೊಂದರೆ ಇದೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಹಿಂದೆ ನಿಂತ ಸೇಫ್ಟಿಗಳು (ಡಿಫೆನ್ಸ್‌ನ ಕೊನೆಯ ಕಾವಲಿನವರು) ಚೌಕಟ್ಟಿನಿಂದ ಹೊರಗೆ ಹೋಗುತ್ತಾರೆ. ಕೋಚ್‌ಗಳು ನೋಡುವ, 22 ಜನರೂ ಕಾಣುವ ಫಿಲ್ಮ್ ಕಾಲೇಜ್ ಮಟ್ಟದಲ್ಲಿ ಸಾಮಾನ್ಯವಾಗಿ ನಮಗೆ ಸಿಗುವುದಿಲ್ಲ. ಇರುವುದರಲ್ಲೇ ದಾರಿ ಹುಡುಕಬೇಕು. ಸ್ನ್ಯಾಪ್‌ಗೆ (ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದು ಆಟ ಶುರುವಾಗುವ ಕ್ಷಣ) ಒಂದು ಸೆಕೆಂಡ್ ಮುಂಚೆ ನಿಲ್ಲಿಸಿ. ಹಿಂಬದಿಯ ಕ್ಯಾಮೆರಾದ ರೀಪ್ಲೇ ಬಂದಾಗ ಬಿಡದೆ ನೋಡಿ. ಅದರಲ್ಲಿ ಎಸೆಯುವವನ ಕಣ್ಣಿಗೆ ಕಂಡದ್ದು ಹೆಚ್ಚುಕಡಿಮೆ ನಮಗೂ ಕಾಣುತ್ತದೆ.

ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಎಸೆತಕ್ಕೆ ಒಂದು ಸಾಲು. ಡೌನ್ ಎಷ್ಟನೆಯದು, ಎಷ್ಟು ಯಾರ್ಡ್ ಬೇಕಿತ್ತು, ಹಿಂದೆ ಸೇಫ್ಟಿ ಎಷ್ಟು ಜನ, ಮೈಮೇಲೆ ಯಾರಾದರೂ ಬಂದರಾ, ನಿರ್ಧಾರ ಹೇಗಿತ್ತು, ಚೆಂಡು ಎಲ್ಲಿ ಬಿತ್ತು. ಫಲಿತಾಂಶದ ಕಾಲಂ ಕೊನೆಗಿರಲಿ, ಅದನ್ನು ಕೊನೆಗೇ ತುಂಬಿ.

2. ಅಂಕಿಗಳನ್ನು ಓದಿ, ಆದರೆ ನಂಬುವುದಕ್ಕೆ ಮುಂಚೆ ಬಿಡಿಸಿ ನೋಡಿ

ಕಾಲೇಜ್ ಫುಟ್‌ಬಾಲ್‌ನಲ್ಲಿ ಪಾಸರ್ ರೇಟಿಂಗ್ ಲೆಕ್ಕ ಸುಲಭ. ಯಾರ್ಡ್‌ಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು 330ರಿಂದ, ಹಿಡಿದ ಪಾಸ್‌ಗಳನ್ನು 100ರಿಂದ ಗುಣಿಸಿ ಕೂಡಿಸಿ. ಒಂದೊಂದು ಇಂಟರ್ಸೆಪ್ಷನ್‌ಗೆ 200 ಕಳೆಯಿರಿ. ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಿ. ಎನ್‌ಎಫ್‌ಎಲ್‌ನ ಲೆಕ್ಕ ಬೇರೆ, ಅಲ್ಲಿ 158.3ಕ್ಕಿಂತ ಮೇಲೆ ಹೋಗುವುದಕ್ಕೇ ಆಗುವುದಿಲ್ಲ. ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಬರ್ರೋ 2018ರಲ್ಲಿ 379 ಎಸೆತಗಳಲ್ಲಿ 219 ಮುಟ್ಟಿಸಿದರು. 2,894 ಯಾರ್ಡ್, 16 ಟಚ್‌ಡೌನ್, 5 ಇಂಟರ್ಸೆಪ್ಷನ್. ರೇಟಿಂಗ್ 133.2. ಮುಂದಿನ ವರ್ಷ 527ರಲ್ಲಿ 402. 5,671 ಯಾರ್ಡ್, 60 ಟಚ್‌ಡೌನ್, 6 ಇಂಟರ್ಸೆಪ್ಷನ್. ರೇಟಿಂಗ್ 202. ಎಸೆತಕ್ಕೆ ಸರಾಸರಿ ಯಾರ್ಡ್ 7.6ರಿಂದ 10.8ಕ್ಕೆ ಏರಿತು. ಒಂದೇ ಅಂಕಿ ನೋಡಲು ಸಮಯ ಇದ್ದರೆ ಈ ಎಸೆತಕ್ಕೆಷ್ಟು ಯಾರ್ಡ್ ಅನ್ನುವುದನ್ನೇ ನೋಡಿ. ಒಟ್ಟು ಯಾರ್ಡ್ ಎಸೆದಷ್ಟೂ ಬೆಳೆಯುತ್ತದೆ. ಇದು ಹಾಗೆ ಸುಮ್ನೆ ಬೆಳೆಯುವುದಿಲ್ಲ.

ಒಂದೇ ಸೀಸನ್‌ನಲ್ಲಿ 60 ಟಚ್‌ಡೌನ್ ಪಾಸ್ ಆಗ ದಾಖಲೆ. ಎರಡೇ ವರ್ಷದಲ್ಲಿ ಆ ದಾಖಲೆ ಮುರಿಯಿತು. 2021ರಲ್ಲಿ ವೆಸ್ಟರ್ನ್ ಕೆಂಟಕಿಯ ಬೇಲಿ ಝಾಪಿ 62 ಟಚ್‌ಡೌನ್, 5,967 ಯಾರ್ಡ್ ಎಸೆದರು. ಆದರೂ ಡ್ರಾಫ್ಟ್‌ನಲ್ಲಿ ಅವರ ಹೆಸರು ಬಂದಿದ್ದು ನಾಲ್ಕನೇ ಸುತ್ತಿನಲ್ಲಿ. ಕಾರಣ ಅಂಕಿಯ ಒಳಗೇ ಇದೆ. ಅವರು ಎಸೆದದ್ದು 686 ಸಲ, ಎಸೆತಕ್ಕೆ 8.7 ಯಾರ್ಡ್. ಜೊತೆಗೆ ಎದುರಾದ ಡಿಫೆನ್ಸ್‌ಗಳು ಎಲ್‌ಎಸ್‌ಯು ಆಡುವ ಎಸ್‌ಇಸಿ ಎಂಬ ಬಲಿಷ್ಠ ಗುಂಪಿನ ಮಟ್ಟದವಲ್ಲ. ಪಾಟಾ ಪಿಚ್ ಮೇಲೆ ಹೊಡೆದ ಸೆಂಚುರಿಯೂ ಸೆಂಚುರಿಯೇ, ಆದರೆ ಆಯ್ಕೆಗಾರರು ಪಿಚ್ ಯಾವುದು ಅಂತ ಕೇಳಿಯೇ ಕೇಳುತ್ತಾರೆ.

ಪರ್ಸೆಂಟೇಜ್ ಬಗ್ಗೆಯೂ ಎಚ್ಚರ ಇರಲಿ. ಆಚೀಚೆ ಪಕ್ಕಕ್ಕೆ ಎಸೆಯುವ ಸ್ಕ್ರೀನ್ ಪಾಸ್‌ಗಳಿಂದ 70 ಪರ್ಸೆಂಟ್ ಮುಟ್ಟುವುದು ದೊಡ್ಡ ವಿಷಯವಲ್ಲ. ನಿಮ್ಮ ಹಾಳೆಯಲ್ಲಿ ಸ್ಕ್ರೀನ್‌ಗಳನ್ನು ಬೇರೆ ತೆಗೆದಿಡಿ. ಉಳಿದದ್ದನ್ನು 10 ಯಾರ್ಡ್ ಒಳಗೆ, 10ರಿಂದ 20, 20ರ ಆಚೆ ಅಂತ ಮೂರು ಭಾಗ ಮಾಡಿ. ನಡುವಿನ ಭಾಗವೇ ಜಾಸ್ತಿ ಮಾತಾಡುತ್ತದೆ. ಹತ್ತಿರದ್ದನ್ನು ಕೋಚ್ ಬಿಡಿಸಿಕೊಡುತ್ತಾನೆ, ದೂರದ್ದರಲ್ಲಿ ರಿಸೀವರ್‌ನ ಓಟವೂ ಅದೃಷ್ಟವೂ ಸೇರುತ್ತದೆ. ಹತ್ತರಿಂದ ಇಪ್ಪತ್ತು ಯಾರ್ಡ್, ಅದರಲ್ಲೂ ಮೈದಾನದ ನಡುಭಾಗಕ್ಕೆ ಎಸೆಯಬೇಕಾದರೆ ಲೈನ್‌ಬ್ಯಾಕರ್ (ಡಿಫೆನ್ಸ್‌ನ ನಡುಸಾಲಿನವನು) ಮೇಲಿಂದ, ಸೇಫ್ಟಿಯ ಮುಂದೆ, ಸರಿಯಾದ ಗಳಿಗೆಗೆ ಹಾಕಬೇಕು.

3. ಸ್ನ್ಯಾಪ್‌ಗೆ ಮುಂಚಿನ ಸೆಕೆಂಡುಗಳು

ಚೆಂಡು ಕೈಗೆ ಬರುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ. ಹಿಂದೆ ಸೇಫ್ಟಿ ಒಬ್ಬನೇ ಇದ್ದಾನಾ, ಇಬ್ಬರಾ? ಒಬ್ಬ ಇದ್ದರೆ ಮೈದಾನದ ನಡುಭಾಗ ಮುಚ್ಚಿದೆ, ಅಂಚುಗಳಲ್ಲಿ ಅವಕಾಶ. ಇಬ್ಬರಿದ್ದರೆ ನಡುಭಾಗ ತೆರೆದಿದೆ. ಒಳ್ಳೆಯ ಡಿಫೆನ್ಸ್ ಇಬ್ಬರನ್ನು ತೋರಿಸಿ, ಸ್ನ್ಯಾಪ್ ಆದ ಕೂಡಲೇ ಒಬ್ಬನನ್ನು ಮುಂದಕ್ಕೆ ಇಳಿಸುತ್ತದೆ. ಆಗ ಹುಡುಗನ ತಲೆ ಎತ್ತ ತಿರುಗಿತು ನೋಡಿ. ಮೊದಲೇ ಅಂದುಕೊಂಡ ಕಡೆಗೇ ಕಣ್ಣು ಮುಚ್ಚಿ ಎಸೆದರೆ ಹಾಳೆಯಲ್ಲಿ ಗುರುತು ಹಾಕಿ, ಪಾಸ್ ಮುಟ್ಟಿದ್ದರೂ ಸರಿಯೇ.

ಇಲ್ಲಿ ಕಾಲೇಜ್ ಆಟದ ಒಂದು ವಿಶೇಷ ಗೊತ್ತಿರಬೇಕು. ಬಹಳ ತಂಡಗಳಲ್ಲಿ ಹನ್ನೊಂದು ಜನರೂ ಸಾಲಾಗಿ ನಿಂತು, ಒಮ್ಮೆಲೇ ತಲೆ ತಿರುಗಿಸಿ ಬದಿಯಲ್ಲಿರುವ ಕೋಚ್ ಕಡೆ ನೋಡುತ್ತಾರೆ. ಡಿಫೆನ್ಸ್ ಓದುವುದು ಕೋಚ್, ಆಡುವುದು ಹುಡುಗ. 2024ರಿಂದ ಮೇಲಿನ ದರ್ಜೆಯ ಕಾಲೇಜ್ ತಂಡಗಳಿಗೆ ಹೆಲ್ಮೆಟ್ ಒಳಗೇ ಕೋಚ್ ಮಾತು ಕೇಳಿಸುವ ವ್ಯವಸ್ಥೆ ಬಂತು. ಅದು ಪ್ಲೇ ಕ್ಲಾಕ್‌ನಲ್ಲಿ (ಸ್ನ್ಯಾಪ್‌ಗೆ ಉಳಿದ ಸಮಯ ಎಣಿಸುವ ಗಡಿಯಾರ) 15 ಸೆಕೆಂಡ್ ಉಳಿದಾಗ ಬಂದ್ ಆಗುತ್ತದೆ. ಆ 15 ಸೆಕೆಂಡ್ ಒಳಗೆ ಹುಡುಗ ತಾನಾಗಿ ಏನು ಮಾಡುತ್ತಾನೆ ಅನ್ನುವುದೇ ನಿಮಗೆ ಬೇಕಾದದ್ದು. ಲೈನ್‌ಬ್ಯಾಕರ್ ಕಡೆ ಬೆರಳು ತೋರಿಸಿ ಬ್ಲಾಕಿಂಗ್ ಬದಲಾಯಿಸಿದನಾ? ಹಿಂದಿರುವ ರನ್ನಿಂಗ್ ಬ್ಯಾಕ್‌ನನ್ನು (ಚೆಂಡು ತಗೊಂಡು ಓಡುವವನು) ಎಡದಿಂದ ಬಲಕ್ಕೆ ಕಳಿಸಿದನಾ? ಬ್ಲಿಟ್ಜ್ (ಹೆಚ್ಚು ಡಿಫೆಂಡರ್‌ಗಳು ಒಮ್ಮೆಲೇ ನುಗ್ಗುವುದು) ಬರುವ ವಾಸನೆ ಹಿಡಿದು ರಿಸೀವರ್‌ಗೆ ಸನ್ನೆ ಮಾಡಿದನಾ? ಹೀಗೆ ಮಾಡುವ ಹುಡುಗ ಮುಂದಿನ ಹಂತದಲ್ಲಿ ಬೇಗ ಕಲಿಯುತ್ತಾನೆ.

4. ಕಣ್ಣು ಚೆಂಡಿನ ಮೇಲೆ ಬೇಡ, ಕಾಲಿನ ಮೇಲೆ ಇರಲಿ

ಎಸೆತ ತಪ್ಪಿದಾಗ ಎಲ್ಲರೂ ಕೈ ನೋಡುತ್ತಾರೆ. ತಪ್ಪು ಬಹುಪಾಲು ಕಾಲಲ್ಲಿ ಇರುತ್ತದೆ. ಹಿಂದಕ್ಕೆ ಹೆಜ್ಜೆ ಹಾಕಿ, ಕೊನೆಯ ಹೆಜ್ಜೆ ಊರಿದ ಕೂಡಲೇ ಚೆಂಡು ಬಿಡಲು ಸಿದ್ಧನಾಗಿದ್ದಾನಾ? ಮುಂಗಾಲು ಗುರಿಯ ಕಡೆ ಇದೆಯಾ? ಸೊಂಟ ತಿರುಗಿತಾ? ಬಲಕ್ಕೆ ನೋಡುವವನ ಕಾಲು ಇನ್ನೂ ಎಡಕ್ಕೇ ಇದ್ದರೆ ಚೆಂಡು ಮೇಲೆ ಹಾರುತ್ತದೆ ಇಲ್ಲ ಹಿಂದೆ ಬೀಳುತ್ತದೆ.

ಪಾಕೆಟ್ ಒಳಗೆ, ಅಂದರೆ ಅವನನ್ನು ಕಾಯುವ ಲೈನ್‌ನವರ ಹಿಂದಿನ ಜಾಗದಲ್ಲಿ, ಎರಡು ಅಭ್ಯಾಸ ಗಮನಿಸಿ. ಅಂಚಿನಿಂದ ನುಗ್ಗುವವನು ಬಂದಾಗ ಮುಂದಕ್ಕೆ ಒಂದು ಹೆಜ್ಜೆ ಸರಿದರೆ ಅವನು ಹಿಂದಿನಿಂದ ಹಾದುಹೋಗುತ್ತಾನೆ. ಹೀಗೆ ಮುಂದಕ್ಕೆ ಸರಿಯುವವನು ಸಿಕ್ಕರೆ ದೊಡ್ಡ ಟಿಕ್ ಹಾಕಿ. ಕೆಲವರು ಹೆದರಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾರೆ. ಅಲ್ಲಿ ಲೈನ್‌ನ ಅಂಚು ಕಾಯುವ ಟ್ಯಾಕಲ್ ಎಷ್ಟೇ ಒಳ್ಳೆಯವನಿದ್ದರೂ ಕಾಪಾಡಲಾರ. ಬಹಳ ಸ್ಯಾಕ್‌ಗಳು (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಲೈನ್‌ನವರ ತಪ್ಪಲ್ಲ, ಕ್ವಾರ್ಟರ್‌ಬ್ಯಾಕ್ ನಿಂತ ಜಾಗದ ತಪ್ಪು. ಎರಡನೆಯದು, ಕಣ್ಣು. ಮೈಮೇಲೆ ಬರುತ್ತಿರುವವರನ್ನು ನೋಡಲು ಕಣ್ಣು ಕೆಳಗಿಳಿಸಿದ ಕ್ಷಣ, ದೂರದಲ್ಲಿ ಬಿಡುವಾದ ರಿಸೀವರ್ ಅವನ ಪಾಲಿಗೆ ಇಲ್ಲವಾದ.

5. ಎಸೆತ: ಮುಟ್ಟಿತು ಅಂದರೆ ಸರಿಯಾಗಿತ್ತು ಅಂತಲ್ಲ

ಓಡುತ್ತಿರುವ ರಿಸೀವರ್‌ನ ಎದೆಯ ಮುಂದೆ ಚೆಂಡು ಬಂದರೆ ಅವನು ಓಟ ನಿಲ್ಲಿಸದೆ ಹಿಡಿದು ಮುಂದೆ ಹೋಗುತ್ತಾನೆ. ಅದೇ ಚೆಂಡು ಅವನ ಹಿಂದಿನ ಭುಜಕ್ಕೆ ಬಂದರೆ ನಿಂತು, ತಿರುಗಿ ಹಿಡಿಯಬೇಕು. ಅಂಕಿಪಟ್ಟಿಯಲ್ಲಿ ಎರಡೂ ಒಂದೇ. ಹಾಳೆಯಲ್ಲಿ ಒಂದಾಗಬಾರದು. ಹಾಗೇ, ಡಿಫೆಂಡರ್ ಒಳಬದಿಯಲ್ಲಿದ್ದರೆ ಚೆಂಡು ಹೊರಬದಿಗೆ ಬರಬೇಕು. ರಿಸೀವರ್ ಹಿಡಿಯಬೇಕು, ಇಲ್ಲವೇ ಯಾರಿಗೂ ಸಿಗಬಾರದು.

ಸಮಯವನ್ನು ಬೇರೆಯಾಗಿ ನೋಡಿ. ರಿಸೀವರ್ ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿದೆಯಾ? ಅವನು ತಿರುಗಿ, ಬಿಡುವಾಗಿದ್ದು ಕಂಡಮೇಲೆ ಎಸೆಯುವ ಹುಡುಗರು ಕಾಲೇಜ್‌ನಲ್ಲಿ ಬಚಾವಾಗುತ್ತಾರೆ, ಎನ್‌ಎಫ್‌ಎಲ್‌ನಲ್ಲಿ ಆ ಅರ್ಧ ಸೆಕೆಂಡ್ ಸಿಗುವುದಿಲ್ಲ.

ತೋಳಿನ ಬಲ ಅಂದರೆ 70 ಯಾರ್ಡ್ ದೂರ ಎಸೆಯುವುದು ಅಂತ ಬಹಳ ಜನ ತಿಳಿದಿದ್ದಾರೆ. ಆಟದಲ್ಲಿ ಅಷ್ಟು ದೂರ ಬೇಕಾಗುವುದು ಅಪರೂಪ. ನಿಜವಾದ ಪರೀಕ್ಷೆ ಬೇರೆ ಇದೆ. ಮೈದಾನದ ಅಗಲ 160 ಅಡಿ. ಕಾಲೇಜ್‌ನಲ್ಲಿ ಹ್ಯಾಶ್ ಗುರುತುಗಳು (ಸ್ನ್ಯಾಪ್‌ಗೆ ಚೆಂಡು ಇಡುವ ಮಿತಿ ತೋರಿಸುವ ಗೆರೆಗಳು) ಎರಡೂ ಅಂಚಿನಿಂದ 60 ಅಡಿ ಒಳಗಿವೆ, ಅಂದರೆ ಅವುಗಳ ನಡುವೆ 40 ಅಡಿ. ಎನ್‌ಎಫ್‌ಎಲ್‌ನಲ್ಲಿ ಆ ಅಂತರ ಬರೀ ಹದಿನೆಂಟೂವರೆ ಅಡಿ. ಹಾಗಾಗಿ ಚೆಂಡು ಎಡ ಹ್ಯಾಶ್ ಮೇಲಿದ್ದರೆ ಬಲ ಅಂಚು ನೂರು ಅಡಿ, ಅಂದರೆ 33 ಯಾರ್ಡ್ ದೂರ. ಈಗ ಬಲ ಅಂಚಿನ ಹತ್ತಿರ 15 ಯಾರ್ಡ್ ಮುಂದೆ ಹೋಗಿ ಹೊರಕ್ಕೆ ತಿರುಗುವ ರಿಸೀವರ್‌ಗೆ ಎಸೆಯಬೇಕು ಅಂದುಕೊಳ್ಳಿ. ಹುಡುಗ ತಾನೇ ಏಳು ಯಾರ್ಡ್ ಹಿಂದೆ ನಿಂತಿದ್ದಾನೆ. ಸ್ಕ್ರೀನ್ ಮೇಲೆ 15 ಯಾರ್ಡ್ ಪಾಸ್ ಅಂತ ಕಾಣುವುದು ಗಾಳಿಯಲ್ಲಿ ಸುಮಾರು 37 ಯಾರ್ಡ್ ಹಾರಬೇಕು, ಅದೂ ನೇರವಾಗಿ, ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಓಡಿಬರುವ ಮುಂಚೆ. ಚೆಂಡು ಗಾಳಿಯಲ್ಲಿ ತೇಲಿದರೆ ಕಾರ್ನರ್ ಅದನ್ನು ಹಿಡಿದುಕೊಂಡು ಇನ್ನೊಂದು ತುದಿಗೆ ಓಡುತ್ತಾನೆ. ಒಂದು ಆಟದಲ್ಲಿ ಇಂಥ ಎಸೆತ ಎರಡೋ ಮೂರೋ ಬರುತ್ತವೆ. ಅವನ್ನು ಹುಡುಕಿ ನೋಡಿ. ಕೋಚ್ ಇಂಥ ಎಸೆತವನ್ನೇ ಆಡಿಸುತ್ತಿಲ್ಲ ಅಂದರೆ ಅದನ್ನೂ ಬರೆದುಕೊಳ್ಳಿ, ಅದರಲ್ಲೇ ಒಂದು ಸುದ್ದಿ ಇದೆ.

ಬಲವಷ್ಟೇ ಇದ್ದು ಮೆತ್ತಗೆ ಎಸೆಯಲು ಬರದಿದ್ದರೂ ಕಷ್ಟ. ಐದು ಯಾರ್ಡ್ ದೂರದ ರನ್ನಿಂಗ್ ಬ್ಯಾಕ್‌ಗೆ ಗುಂಡಿನ ವೇಗದಲ್ಲಿ ಹೊಡೆದರೆ ಅವನು ಹೇಗೆ ಹಿಡಿಯುತ್ತಾನೆ?

6. ನಿರ್ಧಾರಕ್ಕೆ ಒಂದು ಅಂಕ, ಎಸೆತಕ್ಕೆ ಒಂದು ಅಂಕ

ಇಲ್ಲಿ ಸಮಯ ಕೊಡಿ. ಪ್ರತಿ ಸಾಲಿನಲ್ಲಿ ನಿರ್ಧಾರಕ್ಕೆ ಪ್ಲಸ್, ಸೊನ್ನೆ ಅಥವಾ ಮೈನಸ್ ಹಾಕಿ. ಎಸೆತಕ್ಕೆ ಬೇರೆಯಾಗಿ ಹಾಕಿ. ಆಮೇಲೆ ಫಲಿತಾಂಶ ಬರೆಯಿರಿ. ಇಬ್ಬರು ಡಿಫೆಂಡರ್‌ಗಳ ನಡುವೆ ಎಸೆದ ಚೆಂಡು ಅವರಿಬ್ಬರ ಕೈಯಿಂದಲೂ ಜಾರಿ ಕೆಳಗೆ ಬಿದ್ದರೆ ಅಂಕಿಪಟ್ಟಿಯಲ್ಲಿ ಅದು ಒಂದು ಸಾಮಾನ್ಯ ಇನ್‌ಕಂಪ್ಲೀಟ್, ಯಾರೂ ಹಿಡಿಯದ ಪಾಸ್. ನಿಮ್ಮ ಹಾಳೆಯಲ್ಲಿ ಅದು ಇಂಟರ್ಸೆಪ್ಷನ್‌ನಷ್ಟೇ ದೊಡ್ಡ ಮೈನಸ್. ಮೂರು ಆಟದಲ್ಲಿ ಹೀಗೆ ಉಳಿದುಹೋದ ಚೆಂಡುಗಳು ಜಾಸ್ತಿ ಇದ್ದರೆ, ಮುಂದಿನ ವರ್ಷ ಅವು ಎದುರಾಳಿಯ ಕೈ ಸೇರುತ್ತವೆ ಅಂತ ತಿಳಿಯಿರಿ.

ಆರ್‌ಪಿಒ (ರನ್-ಪಾಸ್ ಆಪ್ಷನ್, ಓಟವೋ ಪಾಸೋ ಸ್ನ್ಯಾಪ್ ಆದಮೇಲೆ ಆರಿಸುವುದು) ಆಟಗಳನ್ನು ಬೇರೆ ಗುರುತಿಸಿ. ಅದರಲ್ಲಿ ಹುಡುಗ ನೋಡಬೇಕಾದದ್ದು ಒಬ್ಬನೇ ಡಿಫೆಂಡರ್‌ನನ್ನು. ಅವನು ಮುಂದೆ ಬಂದರೆ ಅವನ ಹಿಂದಕ್ಕೆ ಎಸೆ, ಹಿಂದೆ ಸರಿದರೆ ರನ್ನಿಂಗ್ ಬ್ಯಾಕ್‌ಗೆ ಚೆಂಡು ಕೊಡು. ಕಾಲೇಜ್ ನಿಯಮದಲ್ಲಿ ಪಾಸ್ ಎಸೆಯುವ ಮುಂಚೆ ಲೈನ್‌ನವರು ಮೂರು ಯಾರ್ಡ್ ಮುಂದಕ್ಕೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಅದಕ್ಕೇ ಈ ಆಟ ಕಾಲೇಜ್‌ನಲ್ಲಿ ಇಷ್ಟು ಸಲೀಸು. ಇದರಲ್ಲಿ ಹುಡುಗ ಬೇಗ ಎಸೆಯಬಲ್ಲ ಅಂತ ಗೊತ್ತಾಗುತ್ತದೆ, ಇಡೀ ಮೈದಾನ ಓದಬಲ್ಲ ಅಂತ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಮೊದಲ ರಿಸೀವರ್ ಮುಚ್ಚಿಹೋದಾಗ ತಲೆ ಎರಡನೆಯವನ ಕಡೆಗೆ, ಅಲ್ಲಿಂದ ಮೂರನೆಯವನ ಕಡೆಗೆ ತಿರುಗಿತಾ ಅಂತ ನೋಡಿದಾಗ. ತಲೆಯ ಜೊತೆ ಕಾಲೂ ತಿರುಗಬೇಕು. ಮೂರನೆಯವನಿಗೆ ಸಲೀಸಾಗಿ ಎಸೆಯುವ ಕಾಲೇಜ್ ಹುಡುಗ ಸಿಕ್ಕರೆ ನನಗಂತೂ ಬಹಳ ಖುಷಿ.

7. ಒತ್ತಡದಲ್ಲಿ

ಟೆಕ್ಸಸ್ ಆಟಕ್ಕೆ ಬನ್ನಿ. ಕೊನೆಯ ಕ್ವಾರ್ಟರ್, ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ಎಲ್‌ಎಸ್‌ಯು 37-31 ಮುಂದಿದೆ. ಥರ್ಡ್ ಡೌನ್, 17 ಯಾರ್ಡ್ ಬೇಕು, ಚೆಂಡು ತಮ್ಮದೇ ಕಡೆಯ 39 ಯಾರ್ಡ್ ಗೆರೆಯ ಮೇಲೆ. ಇಲ್ಲಿ ನಿಂತರೆ ಚೆಂಡು ಟೆಕ್ಸಸ್ ಕೈಗೆ ಹೋಗುತ್ತದೆ, ಒಂದು ಟಚ್‌ಡೌನ್‌ನಲ್ಲಿ ಆಟವೇ ತಿರುಗುತ್ತದೆ. ಟೆಕ್ಸಸ್ ಬ್ಲಿಟ್ಜ್ ಕಳಿಸಿತು. ಬರ್ರೋ ಪಾಕೆಟ್ ಬಿಟ್ಟು ಹಿಂದಕ್ಕೆ ಓಡಲಿಲ್ಲ. ಬಂದವರಿಂದ ಸರಿದು, ಕಣ್ಣನ್ನು ಮುಂದೆಯೇ ಇಟ್ಟು, ನಡುಭಾಗದಲ್ಲಿ ಬರುತ್ತಿದ್ದ ಜಸ್ಟಿನ್ ಜೆಫರ್ಸನ್ ಕೈಗೆ ಹಾಕಿದರು. ಜೆಫರ್ಸನ್ 61 ಯಾರ್ಡ್ ಟಚ್‌ಡೌನ್ ಮುಗಿಸಿದರು.

ಹಾಳೆಯಲ್ಲಿ ಇದನ್ನು ಹೇಗೆ ಬರೆಯಬೇಕು? 61 ಯಾರ್ಡ್ ಅಂತ ಬರೆದರೆ ಅರ್ಧ ಜೆಫರ್ಸನ್‌ಗೆ ಸೇರಿದ್ದು. ಬರ್ರೋ ಪಾಲಿಗೆ ಸೇರುವುದು ಇದು: ಬ್ಲಿಟ್ಜ್ ಬಂದಾಗ ಹಿಂದೆ ಜನ ಕಡಿಮೆ ಅನ್ನುವುದು ಗೊತ್ತಿತ್ತು, ಕಾಲು ಗಾಬರಿಯಾಗಲಿಲ್ಲ, ಕಣ್ಣು ಕೆಳಗಿಳಿಯಲಿಲ್ಲ, ಓಡುತ್ತಿರುವವನ ಓಟ ನಿಲ್ಲದ ಹಾಗೆ ಚೆಂಡು ಹೋಯಿತು. ನಾಲ್ಕೂ ಪ್ಲಸ್. ಪಾಸ್ ಜೆಫರ್ಸನ್ ಕೈ ಜಾರಿದ್ದರೂ ಈ ನಾಲ್ಕು ಪ್ಲಸ್ ಹಾಗೇ ಉಳಿಯುತ್ತಿದ್ದವು.

ಇನ್ನೊಂದು ಆಟವೂ ನೋಡುವಂಥದ್ದು. 2019ರ ಜನವರಿ 1ರ ಫಿಯೆಸ್ಟಾ ಬೌಲ್, ಅಂದರೆ ಎಲ್‌ಎಸ್‌ಯುನ 2018ರ ಸೀಸನ್‌ನ ಕೊನೆಯ ಆಟ, ಯುಸಿಎಫ್ (ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾ) ವಿರುದ್ಧ. ಶುರುವಿನಲ್ಲೇ ಬರ್ರೋ ಎಸೆದ ಚೆಂಡು ಎದುರಾಳಿಯ ಕೈಗೆ ಸಿಕ್ಕಿ ಟಚ್‌ಡೌನ್ ಆಯಿತು. ಆ ಓಟದ ವೇಳೆ ಬರ್ರೋ ನೆಲಕ್ಕೆ ಬೀಳುವಂಥ ಹೊಡೆತ ತಿಂದರು. ಎದ್ದು ಬಂದು ನಾಲ್ಕು ಟಚ್‌ಡೌನ್ ಎಸೆದು 40-32ರಲ್ಲಿ ಗೆದ್ದರು. 2018ರ ಅಂಕಿ ಮಾತ್ರ ನೋಡಿದವರಿಗೆ 2019 ದಿಢೀರ್ ಅನ್ನಿಸಿತು. ಈ ಆಟ ನೋಡಿದವರಿಗೆ ಸುಳಿವು ಸಿಕ್ಕಿತ್ತು. ತಪ್ಪಾದ ಮೇಲಿನ ಮುಂದಿನ ಸರಣಿಯಲ್ಲಿ ಹುಡುಗ ಹೇಗೆ ಎಸೆಯುತ್ತಾನೆ ಅನ್ನುವುದಕ್ಕೆ ಹಾಳೆಯ ಅಂಚಿನಲ್ಲಿ ಒಂದು ಜಾಗ ಬಿಡಿ.

8. ಓಟ

ಕಾಲೇಜ್ ಲೆಕ್ಕದಲ್ಲಿ ಸ್ಯಾಕ್ ಆದಾಗ ಕಳೆದ ಯಾರ್ಡ್‌ಗಳನ್ನು ಕ್ವಾರ್ಟರ್‌ಬ್ಯಾಕ್‌ನ ಓಟದಿಂದ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ತಂಡದ ಪಾಸಿಂಗ್ ಯಾರ್ಡ್‌ನಿಂದ ಕಳೆಯುತ್ತಾರೆ. ಹಾಗಾಗಿ ಕಾಲೇಜ್ ಪಟ್ಟಿಯಲ್ಲಿ 20 ಯಾರ್ಡ್ ಓಡಿದ ಅಂತ ಇದ್ದರೆ ಅವನು ನಿಜಕ್ಕೂ 60 ಓಡಿ, ಸ್ಯಾಕ್‌ನಲ್ಲಿ 40 ಕಳೆದುಕೊಂಡಿರಬಹುದು. ಕೈಯಲ್ಲೇ ಎಣಿಸಿಕೊಳ್ಳಿ.

ಕೋಚ್ ಬರೆದ ಓಟ ಬೇರೆ, ಪಾಸ್ ಆಟ ಮುರಿದಾಗ ಓಡುವುದು ಬೇರೆ. ಎರಡನೆಯದರಲ್ಲಿ ನೋಡಬೇಕಾದದ್ದು ವೇಗವಲ್ಲ, ಯಾವಾಗ ಓಡಿದ ಅನ್ನುವುದು. ಮೊದಲ ರಿಸೀವರ್ ಮುಚ್ಚಿದ ಕೂಡಲೇ ಓಟ ಕೀಳುತ್ತಾನೆ ಅಂದರೆ ಎರಡನೆಯವನನ್ನು ಅವನು ನೋಡಲೇ ಇಲ್ಲ. ಜೇಡನ್ ಡ್ಯಾನಿಯಲ್ಸ್ ಈ ವಿಷಯದಲ್ಲಿ ಒಳ್ಳೆಯ ಪಾಠ. ಅರಿಝೋನಾ ಸ್ಟೇಟ್‌ನಲ್ಲಿ 2021ರಲ್ಲಿ 10 ಟಚ್‌ಡೌನ್, 10 ಇಂಟರ್ಸೆಪ್ಷನ್. ಎಲ್‌ಎಸ್‌ಯುಗೆ ಬಂದು 2023ರಲ್ಲಿ 40 ಟಚ್‌ಡೌನ್, 4 ಇಂಟರ್ಸೆಪ್ಷನ್, ಜೊತೆಗೆ 1,134 ಯಾರ್ಡ್ ಓಟ. ಓಡುವ ಕಾಲು ಮೊದಲೂ ಇತ್ತು. ಕಾದು ಎಸೆಯುವುದು ಆಮೇಲೆ ಬಂತು. ಆದರೆ ಸಪೂರ ಮೈಯವರಿಗೆ ಸ್ಲೈಡ್ ಮಾಡದೆ (ಹೊಡೆತ ತಪ್ಪಿಸಲು ನೆಲಕ್ಕೆ ಜಾರುವುದು) ಹೊಡೆತ ತಿನ್ನುವ ಅಭ್ಯಾಸ ಇದ್ದರೆ ಅದನ್ನು ದೌರ್ಬಲ್ಯದ ಪಟ್ಟಿಗೇ ಹಾಕಿ.

9. ಎತ್ತರ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಕೈಲರ್ ಮರ್ರೆ, ಬ್ರೈಸ್ ಯಂಗ್ ಇಬ್ಬರೂ 5 ಅಡಿ 10 ಇಂಚಿನ ಆಸುಪಾಸು, ಇಬ್ಬರೂ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದವರು. ಕುಳ್ಳಗಿರುವವನ ಎಷ್ಟು ಪಾಸ್ ಲೈನ್‌ನವರ ಕೈಗೆ ಬಡಿದು ಬಿತ್ತು, ನಡುಭಾಗಕ್ಕೆ ಎಷ್ಟು ಎಸೆದ ಅಂತ ನಿಮ್ಮ ಹಾಳೆಯಲ್ಲೇ ಎಣಿಸಿ. ಟೇಪ್ ಅಳತೆಗಿಂತ ಅದು ಮೇಲು.

10. ಸುತ್ತಮುತ್ತ ಯಾರಿದ್ದರು?

2019ರ ಎಲ್‌ಎಸ್‌ಯು ತಂಡದಲ್ಲಿ ಬರ್ರೋ ಎಸೆದದ್ದು ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಅಂಥ ಅತ್ಯುತ್ತಮ ರಿಸೀವರ್‌ಗಳಿಗೆ. ಆ ವರ್ಷದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿಯೂ ಅವರದ್ದೇ ಲೈನ್‌ಗೆ ಬಂತು. ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಿಂದ ಕೋಚ್ ಜೋ ಬ್ರೇಡಿ ಬಂದು ಪಾಸಿಂಗ್ ಆಟವನ್ನೇ ಹೊಸದು ಮಾಡಿದ್ದರು. ಅಷ್ಟೆಲ್ಲ ಇದ್ದರೆ ಯಾರು ಬೇಕಾದರೂ ಎಸೆಯುತ್ತಿದ್ದರು ಅಂತ ವಾದ ಮಾಡಬಹುದು.

ಉತ್ತರ ಹುಡುಕುವ ದಾರಿ ಇದೆ. ರಿಸೀವರ್ ಪೂರ್ತಿ ಬಿಡುವಾಗಿದ್ದ ಎಸೆತಗಳನ್ನು ಹಾಳೆಯಿಂದ ತೆಗೆದುಬಿಡಿ. ಡಿಫೆಂಡರ್ ಒಂದು ಕೈ ಅಳತೆಯಲ್ಲಿ ಇದ್ದ ಎಸೆತಗಳನ್ನಷ್ಟೇ ಉಳಿಸಿ. ಅಲ್ಲಿ ಚೆಂಡು ಸರಿಯಾದ ಭುಜಕ್ಕೆ ಬಂದಿದೆಯಾ? ಅಲಬಾಮಾ ವಿರುದ್ಧ ಬರ್ರೋ 39ರಲ್ಲಿ 31 ಮುಟ್ಟಿಸಿದರು, 393 ಯಾರ್ಡ್. ಆ ಆಟದಲ್ಲಿ ಅಂಚಿನ ಹತ್ತಿರ ಹಾಕಿದ ಚೆಂಡುಗಳನ್ನು ನೋಡಿದರೆ ನನಗೆ ಅನುಮಾನ ಉಳಿಯಲಿಲ್ಲ. ರಿಸೀವರ್‌ಗಳು ಅವರನ್ನು ಎತ್ತಿದರು ನಿಜ, ಅವರೂ ರಿಸೀವರ್‌ಗಳನ್ನು ಎತ್ತಿದರು.

ಉಲ್ಟಾ ಸಂದರ್ಭವೂ ಇದೆ. ವ್ಯೋಮಿಂಗ್‌ನಲ್ಲಿ ಜಾಶ್ ಆಲನ್ 2017ರಲ್ಲಿ ಮುಟ್ಟಿಸಿದ್ದು 56.3 ಪರ್ಸೆಂಟ್ ಮಾತ್ರ. ಅಯೋವಾ ಎದುರು ಅವರ ತಂಡ ಗಳಿಸಿದ್ದು 3 ಅಂಕ, ಆರೆಗನ್ ಎದುರು 13. ಎನ್‌ಎಫ್‌ಎಲ್‌ನ ಮೊದಲ ವರ್ಷ 52.8 ಪರ್ಸೆಂಟ್. 2020ರ ಹೊತ್ತಿಗೆ 69.2. ಅವರ ದೋಷ ಕಾಲಿನಲ್ಲಿತ್ತು, ಅದನ್ನು ತಿದ್ದುವುದಕ್ಕೆ ಅವರು ಕೂತು ಕೆಲಸ ಮಾಡಿದರು. ಆದರೆ ಇದನ್ನೇ ಎಲ್ಲರಿಗೂ ಅನ್ವಯಿಸಿ ಆಸೆ ಇಟ್ಟುಕೊಳ್ಳಬೇಡಿ. ಫ್ಲಾರಿಡಾದ ಆಂಥೊನಿ ರಿಚರ್ಡ್‌ಸನ್ 2022ರಲ್ಲಿ 53.8 ಪರ್ಸೆಂಟ್ ಎಸೆದು, ಮುಂದಿನ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದರು. 2024ರಲ್ಲಿ ಎನ್‌ಎಫ್‌ಎಲ್‌ನಲ್ಲಿ ಅವರದ್ದು 47.7 ಪರ್ಸೆಂಟ್. ಕಾಲೇಜ್‌ನಲ್ಲಿ ಆಲನ್ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದು ಎರಡು ವರ್ಷ, ರಿಚರ್ಡ್‌ಸನ್ ಹಾಗೆ ಆಡಿದ್ದು ಒಂದೇ ವರ್ಷ. ಎಷ್ಟು ಎಸೆತ ನೋಡಿ ಈ ಮಾತು ಹೇಳುತ್ತಿದ್ದೇವೆ ಅನ್ನುವುದನ್ನು ವರದಿಯಲ್ಲಿ ಬರೆಯಲೇಬೇಕು.

11. ವರದಿ ಬರೆಯುವುದು

ಕೊನೆಗೆ ಅರ್ಧ ಪುಟ ಸಾಕು. ಬಲ, ದೌರ್ಬಲ್ಯ ಅಂತ ಎರಡು ಪಟ್ಟಿ ಮಾಡುವ ಬದಲು ಅಭ್ಯಾಸಗಳನ್ನು ಬರೆಯಿರಿ. ಒಂದೇ ಅಭ್ಯಾಸ ಎರಡೂ ಕಡೆ ಸೇರುವುದು ಬಹಳ ಸಲ ಇರುತ್ತದೆ. ದೋಷದ ಪಕ್ಕದಲ್ಲಿ ತಿದ್ದಬಹುದಾ ಇಲ್ಲವಾ ಅಂತ ಒಂದು ಮಾತು ಇರಲಿ. ಕಾಲಿನ ಕ್ರಮ, ಸ್ಲೈಡ್ ಮಾಡುವುದು, ಸ್ನ್ಯಾಪ್‌ಗೆ ಮುಂಚೆ ಓದುವುದು ಕಲಿಸಿದರೆ ಬರುತ್ತವೆ. ನಡುಭಾಗಕ್ಕೆ ಎಸೆಯುವ ಧೈರ್ಯ, ಒತ್ತಡದಲ್ಲಿ ಕಣ್ಣು ಇಳಿಸದಿರುವುದು, ಸಮಯದ ಅಂದಾಜು, ಇವು ನಾಲ್ಕು ವರ್ಷದಲ್ಲಿ ಬರದಿದ್ದರೆ ಐದನೇ ವರ್ಷ ಬರುತ್ತದೆ ಅಂತ ನಾನು ಒಪ್ಪುವುದಿಲ್ಲ.

2019ರ ಕೊನೆಗೆ ಬರ್ರೋ ಬಗ್ಗೆ ಬರೆಯುವುದಾದರೆ ಹೀಗೆ ಬರೆಯಬಹುದು:

"ಚೆಂಡು ಹಾಕುವ ಜಾಗ ಬಹಳ ನಿಖರ, ಅದರಲ್ಲೂ ಡಿಫೆಂಡರ್ ಹತ್ತಿರ ಇದ್ದಾಗ. ಮೂರನೇ ರಿಸೀವರ್‌ವರೆಗೂ ತಲೆ, ಕಾಲು ಎರಡೂ ಹೋಗುತ್ತವೆ. ತೋಳು ಸಾಕಷ್ಟಿದೆ, ಅಸಾಧಾರಣವಲ್ಲ, ದೂರದ ಹ್ಯಾಶ್‌ನಿಂದ ಎಸೆಯುವಾಗ ಬಲದ ಕೊರತೆಯನ್ನು ಬೇಗ ಎಸೆದು ತುಂಬಿಕೊಳ್ಳುತ್ತಾರೆ. ಪಾಕೆಟ್‌ನಲ್ಲಿ ಗಾಬರಿಯಾಗುವುದಿಲ್ಲ. ಆಟ ಮುರಿದ ಮೇಲೂ ಚೆಂಡು ಬಿಡದೆ, ಯಾರಾದರೂ ಬಿಡುವಾಗುತ್ತಾರೆ ಅಂತ ಕಾಯುತ್ತಾರೆ. ಒಳ್ಳೆಯ ಲೈನ್ ಹಿಂದೆ ಇದು ಟಚ್‌ಡೌನ್ ಕೊಡುತ್ತದೆ, ಸಾಧಾರಣ ಲೈನ್ ಹಿಂದೆ ಸ್ಯಾಕ್ ಕೊಡುತ್ತದೆ. ಈ ಮಟ್ಟದಲ್ಲಿ ಆಡಿದ್ದು ಒಂದೇ ವರ್ಷ, ಸುತ್ತ ಅತ್ಯುತ್ತಮ ಆಟಗಾರರಿದ್ದರು."

ಆ ಸ್ಯಾಕ್ ವಾಕ್ಯವನ್ನು ಬರ್ರೋನನ್ನು ಡ್ರಾಫ್ಟ್‌ನಲ್ಲಿ ಆರಿಸಿದ ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿ ನಡೆದದ್ದರ ಜೊತೆ ಇಟ್ಟು ನೋಡಿ. 2021ರ ಸೀಸನ್‌ನಲ್ಲಿ ಎನ್‌ಎಫ್‌ಎಲ್‌ನಲ್ಲೇ ಅತಿ ಹೆಚ್ಚು, 51 ಸಲ ಸ್ಯಾಕ್ ಆದವರು ಬರ್ರೋ. ಅದೇ ಸೀಸನ್‌ನಲ್ಲಿ ಬೆಂಗಾಲ್ಸ್ ತಂಡವನ್ನು ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೂ ತಂದವರೂ ಅವರೇ. ನಿಮ್ಮ ವರದಿಗೂ ತಾರೀಖು ಹಾಕಿ ತೆಗೆದಿಡಿ. ಮುಂದಿನ ಸೀಸನ್‌ನ ಮೊದಲ ಕಷ್ಟದ ಆಟ ಬಂದಾಗ ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಹಾಳೆ ಶುರು ಮಾಡಿ.